ಪೊಲೀಸರೇ ಸೂಚಿಸಿದ ಚಾಲಕ: ವೆಂಡೆಲ್ ಸ್ಕಾಟ್ ರೇಸಿಗಿಳಿದ ಕಥೆ

1952ರ ಮೇ ತಿಂಗಳು. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಕಾರ್ ರೇಸ್ ನಡೆಸುತ್ತಿದ್ದ ಡಿಕ್ಸಿ ಸರ್ಕಿಟ್ ಎಂಬ ಪುಟ್ಟ ಕೂಟಕ್ಕೆ ಗಲ್ಲಾಪೆಟ್ಟಿಗೆಯದೇ ಚಿಂತೆ. ಬಿಳಿಯರ ನಡುವೆ ಕಪ್ಪು ಚಾಲಕನೊಬ್ಬನನ್ನು ಬಿಟ್ಟರೆ ನೋಡಲಿಕ್ಕಾದರೂ ಜನ ಬಂದಾರು ಎಂದು ಆಯೋಜಕರು ಲೆಕ್ಕ ಹಾಕಿದರು. ಅಂಥವನು ಯಾರಿದ್ದಾನೆ ಎಂದು ಡ್ಯಾನ್‌ವಿಲ್ ಊರಿನ ಪೊಲೀಸರನ್ನೇ ಕೇಳಿದರು. ಪೊಲೀಸರು ಯೋಚಿಸಬೇಕಾದ್ದೇ ಇರಲಿಲ್ಲ. ಕಳ್ಳಭಟ್ಟಿ ತುಂಬಿದ ಕಾರಿನಲ್ಲಿ ರಾತ್ರಿಯೆಲ್ಲ ತಮ್ಮ ಕೈಗೆ ಸಿಗದೆ ಓಡಾಡುತ್ತಿದ್ದ ವೆಂಡೆಲ್ ಸ್ಕಾಟ್‌ನ ಹೆಸರು ಹೇಳಿದರು.

ಸ್ಕಾಟ್ ಹುಟ್ಟಿದ್ದು 1921ರಲ್ಲಿ, ಅದೇ ಡ್ಯಾನ್‌ವಿಲ್‌ನಲ್ಲಿ. ಹತ್ತಿ ಗಿರಣಿ, ತಂಬಾಕು ಕಾರ್ಖಾನೆಗಳೇ ಊರಿನ ಜೀವ. ಅಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿಯುವುದು ತನ್ನಿಂದಾಗದು ಎಂದು ಅವನು ಚಿಕ್ಕಂದಿನಲ್ಲೇ ತೀರ್ಮಾನಿಸಿದ್ದ. ಶ್ರೀಮಂತ ಬಿಳಿಯರ ಮನೆಗಳಲ್ಲಿ ಡ್ರೈವರ್ ಮತ್ತು ಮೆಕ್ಯಾನಿಕ್ ಆಗಿದ್ದ ಅಪ್ಪನಿಂದ ಎಂಜಿನ್ ವಿದ್ಯೆ ಬಂತು. ಟ್ಯಾಕ್ಸಿ ಓಡಿಸಿದ. ಎರಡನೇ ಮಹಾಯುದ್ಧದಲ್ಲಿ ಯುರೋಪಿಗೆ ಹೋಗಿ ಸೇನೆಯ ವಾಹನಗಳನ್ನು ರಿಪೇರಿ ಮಾಡಿದ. ಮರಳಿ ಬಂದು ಗ್ಯಾರೇಜ್ ಇಟ್ಟ. ಹೊಟ್ಟೆಪಾಡಿಗೆ ಕಳ್ಳಭಟ್ಟಿ ಸಾಗಣೆಯೂ ಜೊತೆಗೂಡಿತು. 1949ರಲ್ಲಿ ಒಮ್ಮೆ ಸಿಕ್ಕಿಬಿದ್ದ. ಜೈಲಿಲ್ಲ, ಮೂರು ವರ್ಷ ನಿಗಾ. ನಿಗಾದಲ್ಲಿದ್ದೇ ರಾತ್ರಿಯ ಕೆಲಸ ಮುಂದುವರಿಸಿದ ಎಂಬುದು ಬೇರೆ ಮಾತು.

ಇದನ್ನು ಅವನೊಬ್ಬನ ಚಟ ಎಂದುಕೊಳ್ಳಬಾರದು. ಈ ರೇಸುಗಳಲ್ಲಿ ಓಡುತ್ತಿದ್ದುದು ಸ್ಟಾಕ್ ಕಾರು, ಅಂದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಕಾರು. ಹೊರಗೆ ಸಾಧು, ಒಳಗೆ ಪಳಗಿಸಿದ ಎಂಜಿನ್, ಭಾರಕ್ಕೆ ಕುಗ್ಗದ ಸ್ಪ್ರಿಂಗ್: ಕಳ್ಳಭಟ್ಟಿಯವರ ಈ ಕೈಚಳಕವನ್ನು ಅಮೆರಿಕದ ದಕ್ಷಿಣದ ರೇಸುಗಳು ಬಡ್ಡಿಯಿಲ್ಲದ ಸಾಲದಂತೆ ಬಳಸಿಕೊಂಡವು. ಬಿಲ್ ಫ್ರಾನ್ಸ್ 1948ರಲ್ಲಿ ಕಟ್ಟಿದ ನ್ಯಾಸ್ಕಾರ್ ಎಂಬ ಸ್ಟಾಕ್ ಕಾರ್ ರೇಸ್ ಸಂಸ್ಥೆ ಮರುವರ್ಷ ಷಾರ್ಲಟ್‌ನಲ್ಲಿ ನಡೆಸಿದ ಮೊದಲ ‘ಶುದ್ಧ ಸ್ಟಾಕ್’ ರೇಸಿನಲ್ಲಿ ಮುಂದೆ ಬಂದ ಗ್ಲೆನ್ ಡನವೇಯನ್ನು ಅನರ್ಹಗೊಳಿಸಿದ್ದೂ ಕಾರಿನ ಹಿಂಬದಿಯ ಸ್ಪ್ರಿಂಗುಗಳಿಗಾಗಿಯೇ. ಅದು ಕಳ್ಳಭಟ್ಟಿ ಕಾರು.

ಅಂದರೆ ಕಸುಬಿನಲ್ಲಿ ಸ್ಕಾಟ್ ಯಾರಿಗೂ ಕಡಿಮೆಯಿರಲಿಲ್ಲ. ಕಡಿಮೆಯೆಂದು ಎಣಿಸಿದ್ದು ಬಣ್ಣವನ್ನು. ವಾರಾಂತ್ಯದಲ್ಲಿ ಕಪ್ಪು ಜನರಿಗೆಂದೇ ಬೇರ್ಪಡಿಸಿದ ಅಂಕಣದಲ್ಲಿ ಕೂತು ಅವನು ರೇಸು ನೋಡುತ್ತಿದ್ದ. ಎಷ್ಟೋ ಬಿಳಿಯ ಚಾಲಕರು ತನ್ನಂತೆಯೇ ರಾತ್ರಿ ಸರಕು ಸಾಗಿಸುವವರೆಂದು ಅವನಿಗೆ ಗೊತ್ತಿತ್ತು.

ಮೇ 23ರಂದು ಡ್ಯಾನ್‌ವಿಲ್‌ ಮೈದಾನದಲ್ಲಿ ಅವನ ಮೊದಲ ರೇಸು. ಕಾರು ಮಧ್ಯದಲ್ಲೇ ಕೈಕೊಟ್ಟಿತು, ಕೆಲವರು ಕೂಗಿ ಹಂಗಿಸಿದರು. ಅವನಿಗೆ ಮಾತ್ರ ರುಚಿ ಹತ್ತಿಬಿಟ್ಟಿತು. ಮರುದಿನವೇ ವಿನ್‌ಸ್ಟನ್-ಸೇಲಂನಲ್ಲಿ ನ್ಯಾಸ್ಕಾರ್ ರೇಸಿಗೆ ಕಾರು ಎಳೆದುಕೊಂಡು ಹೋದ. ಕಪ್ಪು ಜನರಿಗೆ ಇಲ್ಲಿ ಜಾಗವಿಲ್ಲ ಎಂದು ವಾಪಸ್ ಕಳಿಸಿದರು. ಇನ್ನೊಂದು ಊರಿನಲ್ಲೂ ಅದೇ ಉತ್ತರ. ಸರಿ ಎಂದು ಸಣ್ಣ ಕೂಟಗಳಿಗೇ ಮರಳಿದ. ಮೊದಲ ರೇಸಿನಿಂದ ಎರಡು ವಾರ ಕಳೆಯುವುದರೊಳಗೆ ಲಿಂಚ್‌ಬರ್ಗ್‌ನಲ್ಲಿ ಗೆದ್ದ.

1953ರಲ್ಲಿ ರಿಚ್ಮಂಡ್‌ನ ರೇಸ್ ಅಂಗಳಕ್ಕೆ ಹೋಗಿ, ನ್ಯಾಸ್ಕಾರ್‌ನ ಸ್ಥಳೀಯ ಅಧಿಕಾರಿ ಮೈಕ್ ಪೋಸ್ಟನ್ ಬಳಿ ನೇರವಾಗಿ ಲೈಸೆನ್ಸ್ ಕೇಳಿದ. ಪೋಸ್ಟನ್ ಕೊಟ್ಟೇಬಿಟ್ಟ. ಮೇಲಿನವರಿಗೆ ಇದು ಹಿಡಿಸಲಿಲ್ಲ. ನನಗೆ ಕಾಣುವಂತೆ ಮುಂದಿನದಕ್ಕೆಲ್ಲ ಕೀಲಿ ಇಲ್ಲಿದೆ: ಬಾಗಿಲು ತೆರೆಯಬೇಕೆಂದು ನ್ಯಾಸ್ಕಾರ್ ಸಂಸ್ಥೆಯಾಗಿ ನಿರ್ಧರಿಸಿರಲಿಲ್ಲ, ಒಬ್ಬನು ಚಿಲಕ ಸರಿಸಿದ್ದ ಅಷ್ಟೇ. ಹಾಗಾಗಿ ಪ್ರತಿ ಊರಿನಲ್ಲೂ ಅದು ಮತ್ತೆ ಹಾಕಿಕೊಳ್ಳುತ್ತಿತ್ತು. 1954ರಲ್ಲಿ ರಾಲಿಯ ಆಯೋಜಕ ಬಿಳಿಯ ಚಾಲಕರಿಗೆಲ್ಲ ಪೆಟ್ರೋಲ್ ಖರ್ಚು ಕೊಟ್ಟು ಸ್ಕಾಟ್‌ನನ್ನು ಬರಿಗೈಯಲ್ಲಿ ಕಳಿಸಿದ. ಮರುದಿನ ಸ್ಕಾಟ್ ಇದನ್ನು ಬಿಲ್ ಫ್ರಾನ್ಸ್‌ಗೇ ಹೇಳಿದ. ಫ್ರಾನ್ಸ್ ತನ್ನ ಜೇಬಿನಿಂದ ಹಣ ತೆಗೆದುಕೊಟ್ಟು, ನ್ಯಾಸ್ಕಾರ್ ಎಂದೂ ಭೇದ ಮಾಡದು ಎಂದು ಮಾತು ಕೊಟ್ಟ.

1959ರಲ್ಲಿ ಸ್ಕಾಟ್ ವರ್ಜೀನಿಯಾ ರಾಜ್ಯದ ಸ್ಪೋರ್ಟ್ಸ್‌ಮನ್ ಎಂಬ ಕೆಳಹಂತದ ವರ್ಗದ ಚಾಂಪಿಯನ್. 1961ರ ಮಾರ್ಚ್‌ನಲ್ಲಿ ಸ್ಪಾರ್ಟನ್‌ಬರ್ಗ್‌ನಲ್ಲಿ, ನ್ಯಾಸ್ಕಾರ್‌ನ ಉನ್ನತ ವರ್ಗವಾದ ಗ್ರ್ಯಾಂಡ್ ನ್ಯಾಷನಲ್‌ಗೆ ಕಾಲಿಟ್ಟ. ಪ್ರಾಯೋಜಕರಿಲ್ಲ, ಹಳೆಯ ಕಾರು, ರೇಸಿನ ನಡುವೆ ಟೈರು, ಪೆಟ್ರೋಲ್ ನೋಡಿಕೊಳ್ಳುವ ಪಿಟ್ ಸಿಬ್ಬಂದಿ ಅವನ ಮಕ್ಕಳೇ.

1963ರ ಡಿಸೆಂಬರ್ 1, ಜಾಕ್ಸನ್‌ವಿಲ್. ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕಿನಲ್ಲಿ 200 ಸುತ್ತು. 34ನೇ ನಂಬರಿನ ಷೆವ್ರೊಲೆಯಲ್ಲಿ ಸ್ಕಾಟ್ ಕೊನೆಯ ಸುತ್ತುಗಳಲ್ಲಿ ರಿಚರ್ಡ್ ಪೆಟಿಯನ್ನು ಹಿಂದೆ ಹಾಕಿದ. ಎಲ್ಲರಿಗಿಂತ ಎರಡು ಸುತ್ತು ಮುಂದಿದ್ದ. ಆದರೆ ಟ್ರೋಫಿ ಕೊಟ್ಟಿದ್ದು ಎರಡನೆಯವನಾದ ಬಕ್ ಬೇಕರ್‌ಗೆ. ಜನರೆಲ್ಲ ಮನೆ ಸೇರಿದ ಮೇಲೆ ಎಣಿಕೆ ತಪ್ಪಿತ್ತೆಂದು ಒಪ್ಪಿಕೊಂಡರು. ಅದು ತಪ್ಪೆಣಿಕೆಯಲ್ಲ, ಟ್ರೋಫಿ ಕೊಡುವ ಬಿಳಿಯ ಸುಂದರಿಯ ಪಕ್ಕ ತನ್ನನ್ನು ನಿಲ್ಲಿಸಲಾರದೆ ಮಾಡಿದ್ದು ಎಂದು ಸ್ಕಾಟ್ ನಂಬಿದ್ದ. ಬಹುಮಾನದ ಹಣ ಬಂತು, ಟ್ರೋಫಿ ಬರಲಿಲ್ಲ.

ನ್ಯಾಸ್ಕಾರ್ ಅದನ್ನು ಕೊಟ್ಟಿದ್ದು 2021ರ ಆಗಸ್ಟ್‌ನಲ್ಲಿ, ಡೇಟೋನಾದಲ್ಲಿ, ಅವನ ಕುಟುಂಬದ ಕೈಗೆ. ಸ್ಕಾಟ್ ತೀರಿಕೊಂಡು ಆಗಲೇ 30 ವರ್ಷ ದಾಟಿತ್ತು.