ದೇವರ ಹತ್ತಿರ ದೂರು ಹೇಳಿದರೆ ಪಾಪವಾ?

ಪ್ರಶ್ನೆ: ಮನೆಯಲ್ಲಿ ಒಂದರ ಮೇಲೊಂದು ಕಷ್ಟ. ಪ್ರಾರ್ಥನೆಗೆ ಕೂತರೆ ಬಾಯಿಗೆ ಸ್ತೋತ್ರ ಬರುವುದಿಲ್ಲ, ಕೋಪ ಬರುತ್ತದೆ. ಹಾಗೇ ಪ್ರಾರ್ಥಿಸಿದರೆ ತಪ್ಪಾ?

ತಪ್ಪಲ್ಲ. ಕೋಪ ಇದ್ದರೆ ಕೋಪದಲ್ಲೇ ಪ್ರಾರ್ಥಿಸಿ.

ಈ ಉತ್ತರವನ್ನು ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರಶ್ನೆ ಮತ್ತೆ ಬರುತ್ತದೆ. ದೂರು ಹೇಳುವವನಿಗೆ ವಿಶ್ವಾಸ ಕಡಿಮೆ, ನಿಜವಾದ ವಿಶ್ವಾಸಿ ಏನೇ ಆದರೂ ಸ್ತೋತ್ರವನ್ನೇ ಹೇಳುತ್ತಾನೆ ಅನ್ನುವ ಮಾತು ನಮ್ಮಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ. ಬೈಬಲ್ ಇದನ್ನು ಕಲಿಸುವುದಿಲ್ಲ.

ಅದರಲ್ಲಿರುವ ಕೀರ್ತನೆಗಳು, ಅಂದರೆ ಪ್ರಾರ್ಥನೆಯ ಹಾಡುಗಳು, ಒಟ್ಟು 150. ಅವುಗಳಲ್ಲಿ ಅಳು, ದೂರು ತುಂಬಿದವು ಎಷ್ಟೋ ಇವೆ. 13ನೆಯ ಕೀರ್ತನೆಯ ಮೊದಲ ಎರಡು ವಚನಗಳಲ್ಲೇ ಹಾಡುವವನು ದೇವರನ್ನು 'ಇನ್ನೆಷ್ಟರ ತನಕ' ಎಂದು ನಾಲ್ಕು ಸಲ ಕೇಳುತ್ತಾನೆ. ಅದು ಕೊನೆಗೆ ಹಾಡಿನಲ್ಲಿ ಮುಗಿಯುತ್ತದಲ್ಲ ಅಂತೀರಾ? 88ನೆಯದನ್ನು ಓದಿ. ಅದು ಕತ್ತಲಲ್ಲೇ ಮುಗಿಯುತ್ತದೆ. ಒಂದು ಸಾಲಿನ ಸಮಾಧಾನವೂ ಕೊನೆಯಲ್ಲಿ ಇಲ್ಲ. ಅದನ್ನು ಯಾರೋ ಬರೆದು ಬಚ್ಚಿಟ್ಟಿರಲಿಲ್ಲ. ಗಾಯಕರ ಮುಖ್ಯಸ್ಥನಿಗೆ ಕೊಟ್ಟದ್ದು ಅಂತ ತಲೆಬರಹದಲ್ಲೇ ಇದೆ. ಅಂದರೆ ಆರಾಧನೆಯಲ್ಲಿ ಹಾಡುವ ಹಾಡು! ಯೇಸು ಶಿಲುಬೆಯ ಮೇಲೆ ಕೂಗಿದ್ದೂ 22ನೆಯ ಕೀರ್ತನೆಯ ಮೊದಲ ಮಾತನ್ನೇ: ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ? ಆತನಿಗೆ ವಿಶ್ವಾಸ ಕಡಿಮೆ ಅಂತ ಯಾರಾದರೂ ಹೇಳುತ್ತಾರಾ?

ಇಲ್ಲಿಗೆ ಬಂದಾಗ ಯಾರಾದರೂ ಒಬ್ಬರು ಬೈಬಲಿನ ಅರಣ್ಯಕಾಂಡ ಪುಸ್ತಕ ತೆಗೆಯುತ್ತಾರೆ. ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದ ಇಸ್ರಾಯೇಲ್ಯರು ಗೊಣಗಿದ್ದಕ್ಕೆ ದೇವರು ಸಿಟ್ಟಾಗಲಿಲ್ಲವಾ? ಸಿಟ್ಟಾದ, ನಿಜ. ಆದರೆ ದಯವಿಟ್ಟು 11ನೆಯ ಅಧ್ಯಾಯ ಪೂರ್ತಿ ಓದಿ. ಜನ ಡೇರೆ ಬಾಗಿಲಲ್ಲಿ ಕೂತು, ಐಗುಪ್ತವೇ ಚೆನ್ನಾಗಿತ್ತು ಅಂತ ಅಳುತ್ತಾರೆ. ಅವರು ತನ್ನನ್ನೇ ಬೇಡವೆಂದರು ಅಂತ ದೇವರು ಹೇಳುತ್ತಾನೆ. ಅದೇ ಅಧ್ಯಾಯದಲ್ಲಿ ಅವರ ನಾಯಕ ಮೋಶೆಯೂ ದೂರುತ್ತಾನೆ, ಅದೂ ಇನ್ನೂ ಖಾರವಾಗಿ. ಇವರನ್ನೆಲ್ಲ ನಾನು ಹೆತ್ತೆನಾ? ಈ ಭಾರ ನನ್ನಿಂದಾಗದು, ಇದಕ್ಕಿಂತ ನನ್ನನ್ನು ಕೊಂದುಬಿಡು ಅನ್ನುತ್ತಾನೆ. ಅವನಿಗೆ ಶಿಕ್ಷೆ ಸಿಗಲಿಲ್ಲ. ಭಾರ ಹಂಚಿಕೊಳ್ಳಲು 70 ಹಿರಿಯರು ಸಿಕ್ಕರು. ಜನ ದೇವರಿಗೆ ಬೆನ್ನು ತಿರುಗಿಸಿ ಗೊಣಗಿದರು, ಮೋಶೆ ಅವನ ಮುಖಕ್ಕೇ ಹೇಳಿದ.

ಎಲ್ಲವನ್ನೂ ಕಳೆದುಕೊಂಡು ದೇವರ ಹತ್ತಿರವೇ ದೂರಿದ ಯೋಬನದೂ ಹೀಗೇ. ಪುಸ್ತಕದ ಉದ್ದಕ್ಕೂ ದೇವರ ಪರ ವಾದ ಮಾಡಿದವರು ಅವನ ಗೆಳೆಯರು. ಕೊನೆಯಲ್ಲಿ ಬೈಸಿಕೊಂಡವರೂ ಅವರೇ.

ಮಕ್ಕಳ ಮುಂದೆ ಹೀಗೆ ಪ್ರಾರ್ಥಿಸಬಹುದಾ? ಇದನ್ನು ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. 'ಕರ್ತನೇ, ನಮಗೆ ಭಯವಾಗಿದೆ' ಎಂದು ಅಪ್ಪ ಅಮ್ಮ ಹೇಳುವುದನ್ನು ಮಕ್ಕಳು ಕೇಳಲಿ. ಭಯವಾದಾಗ ಎಲ್ಲಿಗೆ ಹೋಗಬೇಕು ಅಂತ ಅವರಿಗೆ ಗೊತ್ತಾಗುತ್ತದೆ. ಆದರೆ ಮಗ ಪಕ್ಕದಲ್ಲೇ ಕೂತಿರುವಾಗ 'ಕರ್ತನೇ, ಈ ಹುಡುಗನಿಗೆ ಬುದ್ಧಿ ಕೊಡು' ಅಂತ ಜೋರಾಗಿ ಹೇಳುವುದು ಪ್ರಾರ್ಥನೆಯಲ್ಲ. ಅದು ಕಣ್ಣು ಮುಚ್ಚಿಕೊಂಡು ಬೈಯುವುದು. ಅವನಿಗೂ ಅದು ಚೆನ್ನಾಗಿ ಗೊತ್ತಾಗುತ್ತದೆ.

ಮನೆಯಲ್ಲಿ ಜಗಳವಾದ ದಿನ ಇನ್ನೂ ಕಷ್ಟ. ಒಮ್ಮೆ ನಾನು ಮಗಳ ಮೇಲೆ ಸುಮ್ನೆ ರೇಗಿದ್ದೆ. ರಾತ್ರಿ ಪ್ರಾರ್ಥನೆಯಲ್ಲಿ ದೇವರ ಹತ್ತಿರ ಕ್ಷಮೆ ಕೇಳಿದೆ. ಅವಳ ಹತ್ತಿರ ಕೇಳಲಿಲ್ಲ, ಅದು ಸುಲಭವಾಗಿತ್ತು ಅಲ್ವಾ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಅನ್ನುವ, ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿರುವ ಯೇಸುವಿನ ಮಾತು ಆಮೇಲೆ ನಿದ್ದೆ ಮಾಡಲು ಬಿಡಲಿಲ್ಲ. ಬೆಳಿಗ್ಗೆ ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹೋಗಿ ಹೇಳಿದೆ. ಅವಳು ತಲೆ ಎತ್ತದೆ, 'ನಿನ್ನೆ ರಾತ್ರಿನೇ ಕೇಳ್ತೀಯ ಅಂದ್ಕೊಂಡಿದ್ದೆ' ಅಂದಳು.