ದಪ್ಪ ಟೈರ್ ಕೇಳುವ ಮುಂಚೆ ರಿಮ್ ಅಳೆಯಿರಿ

"ಸಾರ್, ಈಗಿರೋದಕ್ಕಿಂತ ಒಂದು ಸೈಜ್ ದಪ್ಪ ಹಾಕಿಬಿಡಿ."

ಹಳೆ ಬೈಕಿಗೆ ಟೈರ್ ಬದಲಿಸಲು ಬಂದವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಕೇಳುವವರ ಮೇಲೆ ಸಿಟ್ಟಿಲ್ಲ. ಮೂವತ್ತು ನಲವತ್ತು ವರ್ಷದ ಗಾಡಿಯನ್ನು ಇನ್ನೂ ಓಡಿಸಬೇಕು ಅಂತ ಆಸೆಪಡುವವರನ್ನು ಕಂಡರೆ ನನಗೆ ಪ್ರೀತಿಯೇ. ಆದರೆ ಆ ಆಸೆಯಲ್ಲೇ ಎಷ್ಟೋ ಒಳ್ಳೆ ಗಾಡಿಗಳ ನಡೆ ಕೆಡುತ್ತದೆ. ಹಾಗಾಗಿ ಈ ಒಂದು ವಿಷಯವನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ.

ಟೈರ್ ಯಾವ ಆಕಾರದಲ್ಲಿ ನಿಲ್ಲಬೇಕು ಅನ್ನುವುದು ಅದು ಕೂತಿರುವ ರಿಮ್ಮಿನ ಕೈಯಲ್ಲಿದೆ. ಒಂದು ರಟ್ಟಿನ ಪಟ್ಟಿ ತೆಗೆದುಕೊಳ್ಳಿ. ಅದರ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿ. ಮೇಲೆ ಒಂದು ಚಂದದ ಕಮಾನು ಬರುತ್ತದೆ. ಈಗ ಕೈಗಳನ್ನು ಹತ್ತಿರ ತನ್ನಿ. ಕಮಾನು ಮೇಲಕ್ಕೆ ಉಬ್ಬಿ ಮೊನಚಾಗುತ್ತದೆ, ಅಲ್ವಾ? ಅಗಲ ಕಡಿಮೆ ಇರುವ ರಿಮ್ಮಿಗೆ ದಪ್ಪ ಟೈರ್ ಹಾಕಿದಾಗ ಆಗುವುದೂ ಇದೇ. ಟೈರಿನ ಎರಡು ಅಂಚುಗಳನ್ನು ರಿಮ್ ಒಳಕ್ಕೆ ಎಳೆದು ಹಿಡಿಯುತ್ತದೆ. ನಡುಭಾಗ ಮೇಲೆದ್ದು ನಿಲ್ಲುತ್ತದೆ. ನೇರ ಹೋಗುವಾಗ ನೆಲಕ್ಕೆ ತಾಗುವುದು ನಡುವಿನ ಒಂದು ಸಣ್ಣ ಪಟ್ಟಿ ಮಾತ್ರ. ಅದೇ ಪಟ್ಟಿ ಬೇಗ ಸವೆಯುತ್ತದೆ. ತಿರುವಿನಲ್ಲಿ ಬಗ್ಗಿಸಿದಾಗ ಟೈರ್ ಮಾಡಿದವರು ಲೆಕ್ಕ ಹಾಕಿದ್ದ ದುಂಡು ಅಲ್ಲಿ ಇರುವುದಿಲ್ಲ. ಗಾಡಿ ಮೊದಲು ತಟ್ಟನೆ ವಾಲುತ್ತದೆ, ಆಮೇಲೆ ಹ್ಯಾಂಡಲ್ ಮಾತು ಕೇಳುವುದಿಲ್ಲ. ದುಡ್ಡು ಕೊಟ್ಟಿದ್ದು ಅಗಲಕ್ಕೆ, ಸಿಕ್ಕಿದ್ದು ಚೂಪು.

"ಆದ್ರೂ ದಪ್ಪ ಇದ್ದರೆ ಗ್ರಿಪ್ ಜಾಸ್ತಿ ತಾನೇ?" ಅಂತ ಮತ್ತೆ ಕೇಳುತ್ತಾರೆ. ಸರಿ, ಲೆಕ್ಕ ಹಾಕೋಣ. ಒಂದು ಚಕ್ರದ ಮೇಲೆ 100 ಕಿಲೋ ಭಾರ ಇದೆ ಅಂತಿಟ್ಟುಕೊಳ್ಳಿ. ಗಾಳಿ ಸುಮಾರು 28 ಪಿಎಸ್‌ಐ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಒತ್ತಡ. ನೂರು ಕಿಲೋ ಹೊರಲು ಸುಮಾರು 50 ಚದರ ಸೆಂಟಿಮೀಟರ್ ರಬ್ಬರ್ ನೆಲಕ್ಕೆ ತಾಗಬೇಕು. ಟೈರ್ ದಪ್ಪವಿರಲಿ, ಸಣ್ಣದಿರಲಿ, ಭಾರ ಮತ್ತು ಗಾಳಿ ಅಷ್ಟೇ ಇದ್ದರೆ ಆ ಜಾಗ ಹೆಚ್ಚುಕಡಿಮೆ ಅಷ್ಟೇ. ಟೈರಿನ ಪಕ್ಕದ ಗೋಡೆ ಎಷ್ಟು ಗಟ್ಟಿ ಅನ್ನುವುದರ ಮೇಲೆ ಸ್ವಲ್ಪ ವ್ಯತ್ಯಾಸ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಅಗಲ ಬದಲಾದರೆ ಮುಖ್ಯವಾಗಿ ಬದಲಾಗುವುದು ಆ ಜಾಗದ ಆಕಾರ. ನಿಮ್ಮ ಹಳೆ ಗಾಡಿಗೆ ಗ್ರಿಪ್ ಬೇಕಾದರೆ ಅದು ಬರುವುದು ಹೊಸ, ಮೆತ್ತನೆಯ, ಒಳ್ಳೆ ರಬ್ಬರಿನಿಂದ.

ಸಣ್ಣ ಟೈರ್ ಅಂದರೆ ದುರ್ಬಲ ಅನ್ನುವವರಿಗೆ ನಾನು ಹೇಳುವ ಒಂದು ಸಂಗತಿ ಇದೆ. 1969ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸಿನಲ್ಲಿ ಮಾಲ್ಕಮ್ ಅಪ್‌ಹಿಲ್ ಎಂಬ ಸವಾರ ಟ್ರಯಂಫ್ ಬಾನ್‌ವಿಲ್ ಬೈಕಿನಲ್ಲಿ ಸುಮಾರು 60 ಕಿಲೋಮೀಟರಿನ ಒಂದು ಸುತ್ತನ್ನು ಗಂಟೆಗೆ ಸರಾಸರಿ 100 ಮೈಲಿ ವೇಗದಲ್ಲಿ ಮುಗಿಸಿದರು. ಅಂಗಡಿಯಲ್ಲಿ ಮಾರುವಂಥ ಬೈಕುಗಳ ರೇಸಿನಲ್ಲಿ ಆ ವೇಗ ಮುಟ್ಟಿದ್ದು ಅದೇ ಮೊದಲು. ಆ ಬೈಕಿನಲ್ಲಿದ್ದ ಡನ್ಲಪ್ ಕೆ81 ಟೈರಿಗೆ ಆಮೇಲೆ ಟಿಟಿ100 ಅಂತಲೇ ಹೆಸರು ಬಂತು. ಇವತ್ತಿನವರ ಕಣ್ಣಿಗೆ ಅದು ಸಣಕಲು ಟೈರ್. ಬೆಟ್ಟದ ತಿರುವುಗಳಲ್ಲಿ ಅದು ಆ ಸವಾರನ ಕೈಬಿಡಲಿಲ್ಲ.

ಹೋದ ವರ್ಷ ಒಬ್ಬ ಹುಡುಗ ತನ್ನ ತಂದೆಯ ಬೈಕ್ ತಂದಿದ್ದ. "ಸಾರ್, ಹಿಂದಿನ ಬ್ರೇಕ್ ಹಿಡಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತೆ" ಅಂದ. ಬಗ್ಗಿ ನೋಡಿದೆ. 3.50-18 ಅಳತೆಯ ಟೈರ್ ಇರಬೇಕಾದ ಕಡೆ ಅದಕ್ಕಿಂತ ದಪ್ಪನೆಯ 120/90-18 ಕೂತಿತ್ತು. ಟೈರಿನ ಪಕ್ಕದಲ್ಲಿ ಚೈನ್ ಉಜ್ಜಿ ಉಜ್ಜಿ ಹೊಳೆಯುವ ಒಂದು ಗೆರೆ ಬಿದ್ದಿತ್ತು. ಚೈನ್ ತಾಗುತ್ತದೆ ಅಂತ ಟೈರ್ ಹಾಕಿದವರು ಆಕ್ಸಲಿಗೆ ವಾಷರ್ ಸೇರಿಸಿ ಇಡೀ ಚಕ್ರವನ್ನು ಪಕ್ಕಕ್ಕೆ ಸರಿಸಿದ್ದರು. ಹಿಂದಿನ ಚಕ್ರ ಮುಂದಿನ ಚಕ್ರದ ಸಾಲಿನಲ್ಲೇ ಇರಲಿಲ್ಲ. ಎರಡು ತಿಂಗಳು ಆ ಹುಡುಗ ಹಾಗೇ ಓಡಿಸಿದ್ದಾನೆ. ಹಿಂದೆ ಅವನ ತಾಯಿಯನ್ನೂ ಕೂರಿಸಿಕೊಂಡಿದ್ದಾನೆ. ಅದನ್ನು ಕೇಳಿ ನನಗೆ ನಿಜವಾಗಿ ಹೆದರಿಕೆಯಾಯಿತು.

ಆ ಗಾಡಿಯ ಅಂಕಿಗಳನ್ನೇ ನೋಡಿ. ಹಳೆ ಇಂಚಿನ ಟೈರುಗಳಲ್ಲಿ ಅಗಲ ಎಷ್ಟೋ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. 3.50 ಇಂಚು ಅಂದರೆ 89 ಮಿ.ಮೀ. 18 ಇಂಚಿನ ರಿಮ್ 457 ಮಿ.ಮೀ. ಎರಡು ಕಡೆಯ ಎತ್ತರ ಸೇರಿಸಿದರೆ ಚಕ್ರದ ವ್ಯಾಸ 635 ಮಿ.ಮೀ. 120/90 ಅಂದರೆ ಅಗಲ 120, ಎತ್ತರ ಅದರ ಶೇಕಡ 90, ಅಂದರೆ 108. ವ್ಯಾಸ 673. ಚಕ್ರ ಶೇಕಡ 6ರಷ್ಟು ದೊಡ್ಡದಾಯಿತು. ಎಳೆತ ಕಡಿಮೆಯಾಯಿತು. ಹಿಂಭಾಗ ಸುಮಾರು 2 ಸೆಂಟಿಮೀಟರ್ ಎದ್ದು ನಿಂತಿತು. ಮುಂದಿನ ಫೋರ್ಕಿನ ಓರೆ ಬದಲಾಯಿತು. ಚೈನ್, ಬ್ರೇಕ್ ಕಡ್ಡಿ, ಮಡ್‌ಗಾರ್ಡಿನ ಬೋಲ್ಟು, ಎಲ್ಲದರ ಹತ್ತಿರವೂ ಜಾಗ ಹೋಯಿತು. ಸ್ಟ್ಯಾಂಡ್ ಹಾಕಿ ಕೈಯಲ್ಲಿ ತಿರುಗಿಸಿದಾಗ ಎಲ್ಲೂ ತಾಗದಿರಬಹುದು. ಇಬ್ಬರು ಕೂತು ಗುಂಡಿಗೆ ಇಳಿದಾಗ ತಾಗುತ್ತದೆ.

3.50ಕ್ಕೆ ಬದಲಾಗಿ ಮಿಲಿಮೀಟರ್ ಟೈರ್ ಹಾಕಬೇಕಾದರೆ ಸಾಮಾನ್ಯವಾಗಿ ನಾವು ನೋಡುವುದು 100/90. ಅದರ ಎತ್ತರ 90 ಮಿ.ಮೀ., ಹಳೆಯದಕ್ಕೆ ಸರಿಹೊಂದುತ್ತದೆ. 89 ಮಿ.ಮೀ. ಅಂದುಕೊಂಡು 90/90 ತಂದರೆ ಎತ್ತರ 81ಕ್ಕೆ ಇಳಿಯುತ್ತದೆ. ಆದರೆ 100/90 ಕೂಡ ಎಲ್ಲ ರಿಮ್ಮಿಗೂ ಹೊಂದುವುದಿಲ್ಲ. ಹಳೆ ಗಾಡಿಗಳಲ್ಲಿ ಡಬ್ಲ್ಯೂಎಂ2 ಅಂತ ಅಚ್ಚೊತ್ತಿದ ರಿಮ್ ತುಂಬಾ ಕಾಣುತ್ತದೆ. ಅದರ ಅಗಲ 1.85 ಇಂಚು. ಡಬ್ಲ್ಯೂಎಂ3 ಅಂದರೆ 2.15. 100/90 ಟೈರಿಗೆ ಸಾಮಾನ್ಯವಾಗಿ ಕನಿಷ್ಠ 2.15 ಬೇಕು ಅಂತ ಕಂಪನಿಗಳ ಪಟ್ಟಿಯಲ್ಲಿ ಇರುತ್ತದೆ. 1.85 ರಿಮ್ ಇದ್ದರೆ ನಾನು ಇಂಚಿನ ಟೈರನ್ನೇ ಹುಡುಕುತ್ತೇನೆ. ಪಟ್ಟಿ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರಬಹುದು. ನೀವು ಕೊಳ್ಳುವ ಟೈರಿನ ಪಟ್ಟಿ ನೋಡಿಯೇ ಕೊಳ್ಳಿ, ನನ್ನ ಮಾತನ್ನೇ ಕೊನೆ ಅಂತ ಹಿಡಿಯಬೇಡಿ.

ರಿಮ್ ಅಳೆಯುವುದರಲ್ಲೂ ತಪ್ಪು ಮಾಡುತ್ತಾರೆ. ಹೊರಗಿನ ಅಂಚಿನಿಂದ ಅಂಚಿಗೆ ಟೇಪ್ ಹಿಡಿಯುತ್ತಾರೆ. ಅಳೆಯಬೇಕಾದದ್ದು ಒಳಗೆ, ಟೈರಿನ ಅಂಚು ಒರಗುವ ಎರಡು ಗೋಡೆಗಳ ನಡುವೆ. ಟೈರ್ ಬಿಚ್ಚಿದಾಗ ಅಳೆದು ಬರೆದಿಟ್ಟುಕೊಳ್ಳಿ. ಹಳೆ ಗಾಡಿ ನಾಲ್ಕು ಕೈ ದಾಟಿ ಬಂದಿರುತ್ತದೆ. ರಿಮ್ ಯಾವಾಗ ಯಾರು ಬದಲಿಸಿದರೋ ಗೊತ್ತಿರುವುದಿಲ್ಲ. ಈಗ ಹಾಕಿರುವ ಟೈರಿನ ಮೇಲಿನ ನಂಬರನ್ನು ಸುಮ್ನೆ ನಕಲು ಮಾಡುವುದೂ ಅದಕ್ಕೇ ಬೇಡ. ಆ ಹುಡುಗ ಅದೇ ನಂಬರ್ ತೋರಿಸಿ ಹೊಸದು ಕೇಳಿದ್ದರೆ ಮತ್ತೆ 120/90 ಸಿಗುತ್ತಿತ್ತು. ಗಾಡಿಯ ಕೈಪಿಡಿಯಲ್ಲಿ ಏನಿದೆ ನೋಡಿ. ಟೈರಿನ ಮೇಲಿರುವ ಭಾರದ ನಂಬರೂ ವೇಗದ ಅಕ್ಷರವೂ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಉದಾಹರಣೆಗೆ 57 ಅಂದರೆ 230 ಕಿಲೋ, ಪಿ ಅಂದರೆ ಗಂಟೆಗೆ 150 ಕಿ.ಮೀ.

ರೇಡಿಯಲ್, ಅಂದರೆ ಒಳಗಿನ ದಾರದ ಪದರ ಅಂಚಿನಿಂದ ಅಂಚಿಗೆ ನೇರ ಹೋಗುವ ಟೈರ್, ಬೇಕು ಅನ್ನುವವರೂ ಇದ್ದಾರೆ. ಪದರಗಳು ಒಂದಕ್ಕೊಂದು ಅಡ್ಡ ಹಾಯುವ ಟೈರಿಗಾಗಿ ಮಾಡಿದ ಹಳೆ ಫ್ರೇಮಿಗೆ ಅದೇ ಜಾತಿಯ ಟೈರ್ ಇರಲಿ. ಮುಂದೊಂದು ಜಾತಿ ಹಿಂದೊಂದು ಜಾತಿ ಮಾತ್ರ ನಾನಂತೂ ಹಾಕಿಕೊಡುವುದಿಲ್ಲ, ತಯಾರಕರೇ ಹೇಳಿದ್ದರೆ ಬೇರೆ ಮಾತು.

ಕಡ್ಡಿ (ಸ್ಪೋಕ್) ಚಕ್ರದಲ್ಲಿ ಹೊಸ ಟೈರಿನ ಜೊತೆ ಹೊಸ ಟ್ಯೂಬ್ ಹಾಕಿ. ಹಳೆಯದು ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಚಿ ಕೂತು ಅಲ್ಲೇ ಬಿರಿಯುತ್ತದೆ.

ಇನ್ನು ವಯಸ್ಸು. ಟೈರಿನ ಪಕ್ಕದಲ್ಲಿ DOT ಅಂತ ಅಕ್ಷರಗಳಿರುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಟೈರಿನ ಗೆರೆಗಳು ಎಷ್ಟೇ ಆಳವಿದ್ದರೂ ಅದರ ಮೇಲೆ ರಸ್ತೆಗಿಳಿಯಬೇಡಿ. ಹಳೆ ಅಳತೆಯ ಟೈರ್ ನಿಧಾನವಾಗಿ ಮಾರಾಟವಾಗುತ್ತದೆ, ಅಂಗಡಿಯಲ್ಲೇ ವರ್ಷಗಟ್ಟಲೆ ಇದ್ದಿರಬಹುದು. ಕೊಳ್ಳುವಾಗ ಈ ಅಂಕಿ ಕೇಳಲು ನಾಚಿಕೆ ಬೇಡ.

ಆ ಹುಡುಗನ ಗಾಡಿಯ ರಿಮ್ 1.85 ಇತ್ತು. ವಾಷರ್ ತೆಗೆದೆ, ಚಕ್ರವನ್ನು ಸಾಲಿಗೆ ತಂದೆ, 3.50-18 ಹಾಕಿದೆ. "ನೋಡೋಕೆ ಸಣ್ಣ ಕಾಣುತ್ತೆ ಸಾರ್" ಅಂದ, ಮುಖ ಸಪ್ಪೆ ಮಾಡಿಕೊಂಡು. ಮೊದಲ 150 ಕಿಲೋಮೀಟರ್ ಜೋರಾಗಿ ಬ್ರೇಕ್ ಹಿಡಿಯಬೇಡ, ತಿರುವಿನಲ್ಲಿ ಜಾಸ್ತಿ ಬಗ್ಗಿಸಬೇಡ, ಹೊಸ ರಬ್ಬರಿನ ಮೇಲಿನ ನುಣುಪು ಹೋಗಲಿ ಅಂತ ಹೇಳಿ ಕಳಿಸಿದೆ. ಮೂರು ವಾರ ಬಿಟ್ಟು ಗಾಳಿ ನೋಡಿಸಲು ಬಂದ. ತಾಯಿ ಹಿಂದಿನ ಸೀಟಿನಲ್ಲಿದ್ದರು.