ಎಲ್ಲರ ಇನ್‌ಕ್ರಿಮೆಂಟ್ ಪತ್ರ ಟೈಪ್ ಮಾಡುವವರು ತಮ್ಮದನ್ನು ಕೇಳುವುದು ಹೇಗೆ

ನಮ್ಮ ಭಾನುವಾರದ ಓದಿನ ಗುಂಪಿಗೆ ಬರೆದ ಟಿಪ್ಪಣಿ ಇದು. ಗುಂಪಿನಲ್ಲಿ ಎಂಬಿಎ ಓದುತ್ತಿರುವವರಿದ್ದಾರೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಕೊಪ್ಪಳ, ತೋರಣಗಲ್ಲು, ರಾಯಚೂರು ಕಡೆಯ ಕಾರ್ಖಾನೆಗಳಲ್ಲಿ ಎಚ್‌ಆರ್, ಅಂದರೆ ಸಿಬ್ಬಂದಿ ವಿಭಾಗದವರಾಗಿ ಸೇರಿದವರೂ ಇದ್ದಾರೆ. ಸೇರಿ ಎರಡು ಮೂರು ವರ್ಷ ಆದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಪ್ರೊಡಕ್ಷನ್‌ನವರಿಗೆ ಜಾಸ್ತಿ ಸಿಗುತ್ತೆ, ನಮಗೆ ಯಾಕೆ ಇಲ್ಲ?"

ಅವರು ಟನ್ ಲೆಕ್ಕ ಹೇಳುತ್ತಾರೆ. ಮೇಂಟೆನೆನ್ಸ್‌ನವರು ಎಷ್ಟು ಗಂಟೆ ಬ್ರೇಕ್‌ಡೌನ್ ಕಡಿಮೆಯಾಯಿತು ಅಂತ ಹೇಳುತ್ತಾರೆ. ನಾವು ಹೇಳುವುದು "ಎಲ್ಲಾ ಸರಿಯಾಗಿ ನಡೀತಾ ಇದೆ ಸರ್" ಅಂತ. ಸಂಬಳ 7ನೇ ತಾರೀಖಿಗೆ ಬಿದ್ದರೆ ಯಾರೂ ನಮ್ಮನ್ನು ನೆನೆಯುವುದಿಲ್ಲ. 8ಕ್ಕೆ ಬೀಳಲಿ, ಮಧ್ಯಾಹ್ನದೊಳಗೆ ಹಾಜರಿ ನೋಡುವ ಟೈಮ್ ಆಫೀಸ್ ಮುಂದೆ ಜನ ನಿಂತಿರುತ್ತಾರೆ. ನಮ್ಮ ಕೆಲಸ ಸರಿಯಾದಾಗ ಏನೂ ಆಗುವುದಿಲ್ಲ. ಆ "ಏನೂ ಆಗಲಿಲ್ಲ" ಅನ್ನುವುದನ್ನು ರೂಪಾಯಿಯಲ್ಲಿ ತೋರಿಸುವುದೇ ಈ ವಾರದ ಪಾಠ.

ಮೊದಲು ನಾನು ಮಾಡಿಕೊಂಡ ಎಡವಟ್ಟು. ಕೊಪ್ಪಳದ ಹತ್ತಿರ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿದ್ದೆ. ಏಪ್ರಿಲ್‌ನಲ್ಲಿ ಪ್ಲಾಂಟ್ ಹೆಡ್ ಹತ್ತಿರ ಹೋಗಿ, ದಿನಾ ರಾತ್ರಿ ಎಂಟರ ತನಕ ಇರುತ್ತೇನೆ, ಭಾನುವಾರವೂ ಫೋನ್ ಎತ್ತುತ್ತೇನೆ, ಸಂಬಳ ಏರಿಸಿ ಅಂದೆ. ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. "ರಾತ್ರಿ ತನಕ ಎಲ್ಲಾರೂ ಇರ್ತಾರ. ನೀವು ಇದ್ದಿದ್ದಕ್ಕ ಏನಾತು, ಅದನ್ನ ಹೇಳ್ರಿ."

ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. ಇನ್ನೂ ದೊಡ್ಡ ತಮಾಷೆ ಎಂದರೆ ಆ ವರ್ಷದ ಇನ್‌ಕ್ರಿಮೆಂಟ್ ಪತ್ರಗಳು ಆಗಲೇ ಸಹಿಯಾಗಿದ್ದವು. ಪ್ರಿಂಟ್ ತೆಗೆದವಳು ನಾನೇ! ಬಜೆಟ್ ಕೂಡುವುದು ಜನವರಿ, ಫೆಬ್ರವರಿಯಲ್ಲಿ ಅಂತ ಎಲ್ಲರಿಗಿಂತ ಮೊದಲು ಗೊತ್ತಿರುವುದು ನಮಗೆ. ಆದರೂ ಏಪ್ರಿಲ್‌ನಲ್ಲಿ ಹೋಗಿ ಕೇಳುತ್ತೇವೆ. ಡಿಸೆಂಬರ್‌ನಲ್ಲೇ ಮಾತಾಡಿ.

ಈಗ ಲೆಕ್ಕ. ಅಟ್ರಿಷನ್, ಅಂದರೆ ಕೆಲಸ ಬಿಡುವವರ ಪ್ರಮಾಣದ ಸೂತ್ರ ಎಲ್ಲರಿಗೂ ಗೊತ್ತು: ವರ್ಷದಲ್ಲಿ ಬಿಟ್ಟು ಹೋದವರನ್ನು ಕೆಲಸಗಾರರ ಸರಾಸರಿ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸುವುದು. ವರ್ಷದ ಶುರುವಿಗೆ 380, ಕೊನೆಗೆ 420 ಜನ ಅಂದುಕೊಳ್ಳಿ. ಸರಾಸರಿ 400. ಬಿಟ್ಟವರು 96. ಅಂದರೆ 24%. (ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವ ಹಾಗೆ ಬದಲಿಸಿದ್ದೇನೆ.) ಪರೀಕ್ಷೆಯಲ್ಲಿ ಇಲ್ಲಿಗೆ ನಿಲ್ಲಿಸಿದರೆ ಪೂರ್ತಿ ಮಾರ್ಕ್ಸ್ ಸಿಗುತ್ತದೆ. ಕೆಲಸದಲ್ಲಿ ಇದು ಬರೀ ಶುರು.

ಯಾರು, ಯಾವಾಗ ಬಿಟ್ಟರು ಅಂತ ನೋಡಿ. ನಾನು ಮಸ್ಟರ್, ಅಂದರೆ ಹಾಜರಿ ಪುಸ್ತಕ, ಬಿಚ್ಚಿ ತಿಂಗಳ ಪ್ರಕಾರ ಗೀಟು ಹಾಕುತ್ತಾ ಕೂತೆ. ಜುಲೈ, ಆಗಸ್ಟ್‌ನ ಸಾಲಿನಲ್ಲಿ ಗೀಟುಗಳು ಗಿಜಿಗಿಜಿ. ತುಂಗಭದ್ರಾ ಕಾಲುವೆಗೆ ನೀರು ಬಿಡುವ ಹೊತ್ತು ಅದು. ಗಂಗಾವತಿ, ಕಾರಟಗಿ ಕಡೆಯ ಹುಡುಗರು ಭತ್ತದ ನಾಟಿಗೆ ಊರಿಗೆ ಹೋಗುತ್ತಿದ್ದರು. ಹತ್ತು ದಿನ ಹೇಳದೆ ಗೈರಾದರೆ ಹೆಸರು ತೆಗೆಯುವುದು ನಮ್ಮಲ್ಲಿದ್ದ ರೂಢಿ. (ನೋಟಿಸ್ ಕೊಡದೆ ಹಾಗೆ ತೆಗೆಯುವುದು ಕಾನೂನಿನಲ್ಲೂ ತಕರಾರಿನ ವಿಷಯವೇ, ಅದು ಬೇರೆ ಪಾಠ.) ನಾಟಿ ಮುಗಿದ ಮೇಲೆ ಹುಡುಗರು ಮುಖ ತೋರಿಸಲು ಹಿಂಜರಿದು ಬೇರೆ ಕಾರ್ಖಾನೆಯ ಗೇಟಿಗೆ ಹೋಗುತ್ತಿದ್ದರು. ನಾವು ಹೊಸಬರನ್ನು ಹುಡುಕುತ್ತಿದ್ದೆವು.

ಮರುವರ್ಷ ಜೂನ್‌ನಲ್ಲೇ ಶಿಫ್ಟ್ ಇನ್‌ಚಾರ್ಜ್‌ಗಳ ಜೊತೆ ಕೂತು ನಾಟಿ ರಜೆಯ ಪಟ್ಟಿ ಮಾಡಿದೆವು. ಒಂದು ಶಿಫ್ಟ್‌ನಿಂದ ಒಂದೇ ಸಲಕ್ಕೆ ಮೂವರಿಗಿಂತ ಜಾಸ್ತಿ ಇಲ್ಲ, ವಾಪಸ್ ಬರುವ ತಾರೀಖು ಬರೆದು ಸಹಿ. ಜನವರಿಯ ಗವಿಮಠದ ಜಾತ್ರೆಗೂ ಇದೇ ತರಹ ಮೊದಲೇ ಪಟ್ಟಿ. ಬಿಟ್ಟವರ ಸಂಖ್ಯೆ 96ರಿಂದ 60ಕ್ಕೆ ಇಳಿಯಿತು ಅನ್ನಿ. 36 ಜನ ಉಳಿದರು. ಒಬ್ಬ ಹೊಸಬನಿಗೆ ಮೆಡಿಕಲ್ ತಪಾಸಣೆ, ಶೂ, ಹೆಲ್ಮೆಟ್, ಕೆಲಸ ಕಲಿಯುವ ದಿನಗಳ ಕೂಲಿ ಸೇರಿ 9,000 ರೂಪಾಯಿ ಹಿಡಿದರೆ 3,24,000 ರೂಪಾಯಿ.

ಇಲ್ಲಿ ಒಂದು ಎಚ್ಚರಿಕೆ. ಅಷ್ಟನ್ನೂ "ನಾನು ಉಳಿಸಿದೆ" ಅನ್ನಬೇಡಿ. ಆ ವರ್ಷ ಅಕ್ಕಪಕ್ಕದ ಕಾರ್ಖಾನೆಗಳಲ್ಲಿ ಭರ್ತಿ ಕಡಿಮೆ ಇತ್ತು ಅಂದರೆ ಜನ ಹೇಗೂ ಉಳಿಯುತ್ತಿದ್ದರು. ಅದಕ್ಕೆ ನಾನು ಜುಲೈ, ಆಗಸ್ಟ್ ಎರಡೇ ತಿಂಗಳ ಇಳಿಕೆಯನ್ನು ನನ್ನ ಲೆಕ್ಕಕ್ಕೆ ತೆಗೆದುಕೊಂಡೆ. ಉಳಿದದ್ದನ್ನು ಬಿಟ್ಟೆ. ಪಟ್ಟಿ ಮಾಡಲು ಒಪ್ಪಿದ ಶಿಫ್ಟ್ ಇನ್‌ಚಾರ್ಜ್‌ಗಳ ಹೆಸರನ್ನೂ ಹಾಳೆಯಲ್ಲಿ ಬರೆದೆ. ಮೊತ್ತ ಚಿಕ್ಕದಾಯಿತು ನಿಜ. ಆದರೆ ಅಕೌಂಟ್ಸ್‌ನವರು ಅದರಲ್ಲಿ ತೂತು ಹುಡುಕಲು ಆಗಲಿಲ್ಲ.

ಇಂಥದ್ದೇ ಇನ್ನೊಂದು, ಗುತ್ತಿಗೆದಾರರು ತಮ್ಮ ಕೆಲಸಗಾರರಿಗೆ ಕಟ್ಟಬೇಕಾದ ಪಿಎಫ್ (ಭವಿಷ್ಯ ನಿಧಿ). ಹಣ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ತಡವಾದರೆ ವರ್ಷಕ್ಕೆ 12% ಬಡ್ಡಿ, ಅದರ ಮೇಲೆ ದಂಡ. ಗುತ್ತಿಗೆದಾರ ಕಟ್ಟದಿದ್ದರೆ ಹೊಣೆ ಮೂಲ ಮಾಲೀಕರ, ಅಂದರೆ ಗುತ್ತಿಗೆ ಕೊಟ್ಟ ಕಾರ್ಖಾನೆಯ ತಲೆಗೆ ಬರುತ್ತದೆ. ಚಲನ್ ನೋಡಿ, ಅದರಲ್ಲಿರುವ ಹೆಸರುಗಳನ್ನು ಗೇಟ್ ಪಾಸ್ ಜೊತೆ ತಾಳೆ ಹಾಕಿ, ಆಮೇಲೆ ಬಿಲ್ ಪಾಸ್ ಮಾಡುತ್ತೀರಿ ಅಲ್ವಾ? ಹಾಗೆ ತಡೆದ ಬಿಲ್‌ಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದಿಡಿ. ವರ್ಷದ ಕೊನೆಗೆ ನೆನಪಿನಿಂದ ಬರೆಯಲು ಹೋದರೆ ಅರ್ಧ ಮರೆತಿರುತ್ತದೆ.

ನಮ್ಮ ವೃತ್ತಿಗೆ ಮಾತ್ರ ಇರುವ ಒಂದು ಕಟ್ಟುಪಾಡಿದೆ. ಎಲ್ಲರ ಸಂಬಳ ನಮಗೆ ಗೊತ್ತು. "ಸ್ಟೋರ್ಸ್‌ನವರಿಗೆ ಇಷ್ಟು ಕೊಡ್ತೀರಿ, ನನಗೆ ಯಾಕಿಲ್ಲ" ಅಂದ ಕ್ಷಣ ನಂಬಿಕೆ ಹೋಯಿತು. ನಾಳೆ ಇವರು ನನ್ನ ಸಂಬಳವನ್ನೂ ಹೀಗೇ ಹೇಳಬಹುದು ಅಂತ ಎದುರಿಗಿರುವವರಿಗೆ ಅನಿಸುತ್ತದೆ. ಹೋಲಿಕೆ ಹೊರಗಿನಿಂದ ತನ್ನಿ. ಇದೇ ಹುದ್ದೆಗೆ, ಇಷ್ಟೇ ಜನರನ್ನು ನೋಡಿಕೊಳ್ಳುವವರಿಗೆ ಹೊಸಪೇಟೆ, ಬಳ್ಳಾರಿ ಕಡೆ ಬರುವ ಜಾಹೀರಾತುಗಳಲ್ಲಿ ಏನು ಕೊಡುತ್ತಾರೆ ಅಂತ ನೋಡಿ. ಬೆಂಗಳೂರಿನ ಐಟಿ ಕಂಪನಿಯ ಎಚ್‌ಆರ್ ಸಂಬಳ ತೋರಿಸಿದರೆ ನಗುತ್ತಾರೆ, ಸುಮ್ನೆ ಬೇಡ.

ಇನ್ನು ಮುಂದಿನ ಹುದ್ದೆಯ ಮಾತು. ಈಗ ಅದಕ್ಕೆ ಒಳ್ಳೆಯ ಕಾಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, 29 ಹಳೆಯ ಕಾನೂನುಗಳ ಜಾಗಕ್ಕೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ 500 ಕಾರ್ಮಿಕರಿದ್ದರೆ ಅವರ ಕ್ಷೇಮ ನೋಡುವ ವೆಲ್‌ಫೇರ್ ಆಫೀಸರ್ ಬೇಕಿತ್ತು. ಹೊಸ ಸಂಹಿತೆಯಲ್ಲಿ ಕಾರ್ಖಾನೆ, ಗಣಿಗಳಿಗೆ ಆ ಮಿತಿ 250. ಸಂಡೂರಿನ ಗಣಿಗಳು, ಕೊಪ್ಪಳದ ಮಧ್ಯಮ ಗಾತ್ರದ ಪ್ಲಾಂಟ್‌ಗಳನ್ನು ಲೆಕ್ಕ ಹಾಕಿಕೊಳ್ಳಿ. 300 ಜನರಿರುವ ಕಡೆ ನೀವಿದ್ದರೆ ಆ ಹುದ್ದೆಯ ಮಾತನ್ನು ನೀವೇ ಎತ್ತಬಹುದು.

ಕೂಲಿಯ ಹೊಸ ವ್ಯಾಖ್ಯೆಯನ್ನೂ ಕಲಿಯಿರಿ. ಭತ್ಯೆಗಳು ಒಟ್ಟು ಮೊತ್ತದ ಅರ್ಧ ದಾಟಿದರೆ, ದಾಟಿದ ಭಾಗ ಕೂಲಿಗೆ ಸೇರುತ್ತದೆ. ಒಟ್ಟು 20,000ದಲ್ಲಿ ಬೇಸಿಕ್ 8,000, ಭತ್ಯೆ 12,000 ಇದ್ದರೆ, ಜಾಸ್ತಿಯಾದ 2,000 ಸೇರಿ ಕೂಲಿ 10,000 ಆಗುತ್ತದೆ. ಗ್ರಾಚುಯಿಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡುವ ಹಣ, ಈ ಕೂಲಿಯ ಮೇಲೇ: ಒಂದು ವರ್ಷದ ಸೇವೆಗೆ ತಿಂಗಳ ಕೂಲಿಯ 15/26ರ ಲೆಕ್ಕ. 8,000ಕ್ಕೆ ಸುಮಾರು 4,615 ರೂಪಾಯಿ, 10,000ಕ್ಕೆ 5,769. ಒಬ್ಬರಿಗೆ, ಒಂದು ವರ್ಷಕ್ಕೆ 1,154 ರೂಪಾಯಿ ವ್ಯತ್ಯಾಸ. ಇದನ್ನು ನಿಮ್ಮ ಕಾರ್ಖಾನೆಯ ಎಲ್ಲರಿಗೂ ಹಾಕಿ ಒಂದೇ ಹಾಳೆಯಲ್ಲಿ, ಯಾರೂ ಕೇಳುವ ಮೊದಲೇ ಮುಂದಿಟ್ಟರೆ, ನಿಮ್ಮನ್ನು ಹಾಜರಿ ಹಾಕುವವರು ಅಂತ ಯಾರೂ ನೋಡುವುದಿಲ್ಲ.

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಇರುವ ಗೆಳೆಯರು ಕೇಳಿದ್ದಾರೆ: ನಮ್ಮಲ್ಲಿ ಬಜೆಟ್ಟೂ ಇಲ್ಲ, ಅಪ್ರೈಸಲ್ಲೂ ಇಲ್ಲ, ಮಾಲೀಕರೇ ಎಲ್ಲ. ಅಲ್ಲಿ ಎಕ್ಸೆಲ್ ಬೇಡ. ದೊಡ್ಡ ಆರ್ಡರ್ ಸಮಯಕ್ಕೆ ಸರಿಯಾಗಿ ರವಾನೆಯಾದ ವಾರ ಟೈಲರ್‌ಗಳು ಎಷ್ಟು ಜನ ಗೈರಾದರು, ಹೋದ ಸಲ ಎಷ್ಟಿತ್ತು ಅಂತ ಎರಡು ಅಂಕಿ ಹೇಳಿ ಮಾತು ಶುರು ಮಾಡಿ. ಹಣ ಈಗ ಆಗಲ್ಲ ಅಂದರೆ ಹುದ್ದೆಯ ಹೆಸರು, ಕೋರ್ಸ್ ಫೀಸು, ಒಬ್ಬ ಸಹಾಯಕ, ಇವುಗಳಲ್ಲಿ ಒಂದನ್ನು ಕೇಳಿ. ಮತ್ತೆ ಯಾವ ತಿಂಗಳು ಮಾತಾಡೋಣ ಅಂತ ಅಲ್ಲೇ ಗೊತ್ತು ಮಾಡಿಕೊಂಡು ಬನ್ನಿ.

ನನ್ನ ಕಥೆ ಏನಾಯಿತು ಅಂದರೆ, ಆ ಹಾಳೆ ಹಿಡಿದು ಡಿಸೆಂಬರ್‌ನಲ್ಲಿ ಹೋದೆ. ಪ್ಲಾಂಟ್ ಹೆಡ್ ಎರಡು ಸಲ ಓದಿದರು. "ಆಗಸ್ಟಿಂದು ಮಸ್ಟರ್ ತರ್ರಿ" ಅಂದರು. ತಂದುಕೊಟ್ಟೆ. ಗೀಟುಗಳನ್ನು ಅವರೇ ಬೆರಳಿಟ್ಟು ಎಣಿಸಿದರು. ಕೇಳಿದಷ್ಟು ಸಿಗಲಿಲ್ಲ, ಮುಕ್ಕಾಲು ಸಿಕ್ಕಿತು. ಗುತ್ತಿಗೆ ಕಾರ್ಮಿಕರ ವಿಭಾಗವೂ ನನ್ನ ಕೈಗೆ ಬಂತು.

ಮುಂದಿನ ಭಾನುವಾರಕ್ಕೆ ಎಲ್ಲರೂ ತಮ್ಮ ಕಾರ್ಖಾನೆಯ ಹನ್ನೆರಡು ತಿಂಗಳ ಬಿಟ್ಟವರ ಸಂಖ್ಯೆ ತನ್ನಿ, ಹೆಸರು ಬೇಡ. ಕೂತು ಗೀಟು ಹಾಕೋಣ.